ಅತ್ತೆಯ ಕಾಲಿನ ಕರೆಂಟು

ಮದುವೆಯಾಗಿ ಗೋರೆಗಾಂವ್‌ಗೆ ಬಂದ ಹೊಸದರಲ್ಲಿ ನಮ್ಮ ಅತ್ತೆ ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ, ಮರದ ಮೆಟ್ಟಿಲುಗಳ, ಸಾಲುಮನೆಗಳ ಒಂದು ಹಳೆಯ ಚಾಳಿನ ಮೊದಲ ಮಾಳಿಗೆಯಲ್ಲಿ ನಮ್ಮ ಮನೆ. ಅದರ ಕೆಳಗೇ ನಮ್ಮ ಹೋಟೆಲು. ಉಡುಪಿಯ ಕಡೆಯಿಂದ ಬಂದ ಮಾವ ಕಟ್ಟಿದ್ದು. ಅವರು ತೀರಿಕೊಂಡ ಮೇಲೆ ಇವರು, ಅಂದರೆ ನನ್ನ ಯಜಮಾನರು, ಗಲ್ಲಾದಲ್ಲಿ ಕೂರುತ್ತಿದ್ದರು. ಅತ್ತೆಗೆ ಹೋಟೆಲಿನಲ್ಲಿ ಇಂಥದೇ ಕೆಲಸ ಅಂತ ಇರಲಿಲ್ಲ. ಆದರೂ ಬೆಳಿಗ್ಗೆ ಎದ್ದವರೇ ಕೆಳಗಿಳಿದು ಹಿಟ್ಟು ಉಬ್ಬಿದೆಯೋ ಇಲ್ಲವೋ ನೋಡುವರು, ಸಾಂಬಾರಿನ ವಾಸನೆಯಿಂದಲೇ ಹುಳಿ ಹೆಚ್ಚಾಯಿತು ಎನ್ನುವರು, ಮಾರ್ಕೆಟ್ಟಿಗೆ ಹೋಗಿ ಕರಿಬೇವು ಆರಿಸಿ ತರುವರು, ಮತ್ತೆ ಮೇಲೆ ಬಂದು ಮನೆ ಮುಂದಿನ ಉದ್ದ ಗ್ಯಾಲರಿಯಲ್ಲಿ ಹಪ್ಪಳ ಒಣಹಾಕುವರು. ಅವರ ಚಪ್ಪಲಿಯ ಸದ್ದು ದಿನವಿಡೀ ಮೆಟ್ಟಿಲ ಮೇಲೆ ಏರುತ್ತ ಇಳಿಯುತ್ತ ಇರುತ್ತಿತ್ತು. ರಜೆಯ ಮಧ್ಯಾಹ್ನಗಳಲ್ಲಿ ಅರೆನಿದ್ದೆಯಲ್ಲಿ ಅದನ್ನು ಕೇಳುತ್ತ ಮಲಗಿದರೆ, ಮನೆಯೇ ಮೆಲ್ಲಗೆ ಎಲ್ಲಿಗೋ ನಡೆದುಹೋಗುತ್ತಿದೆ ಅನ್ನಿಸುತ್ತಿತ್ತು ನನಗೆ.

ರಜೆಯ ಮಧ್ಯಾಹ್ನ ಅಂದೆ, ಯಾಕೆಂದರೆ ಉಳಿದ ದಿನ ನಾನು ಕೆಲಸಕ್ಕೆ ಹೋಗುತ್ತಿದ್ದೆ. ಜೋಗೇಶ್ವರಿಯಲ್ಲಿ ರೇಡಿಯೋದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆ. ಕೂದಲಿನಷ್ಟು ಸಪೂರದ ತಾಮ್ರದ ತಂತಿಯನ್ನು ಬಾಬಿನ್ನಿಗೆ ಸುತ್ತುವ ಕೆಲಸ. ನಾನು ಮುಲುಂಡಿನಲ್ಲಿ ಹುಟ್ಟಿ ಬೆಳೆದವಳು, ಮದುವೆಗೆ ಮೊದಲೂ ಇಂಥದೇ ಒಂದು ಕಡೆ ದುಡಿದಿದ್ದೆ. ಸೊಸೆ ಕೆಲಸಕ್ಕೆ ಹೋಗುವುದು ಬೇಡ ಎಂದು ನೆಂಟರು ಹೇಳಿದಾಗ ಅತ್ತೆಯೇ ಅಡ್ಡ ಬಂದಿದ್ದರು. "ಕೂತು ಎಂತ ಮಾಡುವುದು ಅವಳು? ನಡೆಯುವ ಕಾಲು ಉಂಟು, ಹೋಗಿ ಬರಲಿ" ಅಂದಿದ್ದರಂತೆ.

ಅಂಥ ಅತ್ತೆ ಒಂದು ಶ್ರಾವಣದ ಬೆಳಿಗ್ಗೆ ಮೆಟ್ಟಿಲಿನ ನಡುವೆ ಕುಸಿದು ಕೂತರು. ಕೈಯಲ್ಲಿದ್ದ ಕೊತ್ತಂಬರಿ ಕಟ್ಟು ಕೆಳಗಿನ ಮೆಟ್ಟಿಲಿಗೆ ಉರುಳಿತ್ತು. ನಾನು ಓಡಿ ಹೋಗಿ ಹಿಡಿದುಕೊಂಡಾಗ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಣ್ಣು ತೆರೆದೇ ಇದ್ದರೂ ಅವರು ಅಲ್ಲಿರಲಿಲ್ಲ. ಒಂದು ಗಳಿಗೆ ಕಳೆದು ವಾಪಸು ಬಂದರು. "ಎಲ್ಲಿಗೆ ಹೋಗಿದ್ದೆ ನಾನು?" ಅಂತ ಕೇಳಿದರು. ಆಮೇಲೆ ಮಾರ್ಕೆಟ್ಟಿನಲ್ಲಿ ಒಮ್ಮೆ, ದೇವರ ಮುಂದೆ ದೀಪ ಹಚ್ಚುವಾಗ ಒಮ್ಮೆ ಹೀಗೇ ಆಯಿತು. ಪೇಟೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೃದಯದ ಮೇಲಿನ ಕೋಣೆಯ ಮಾತು ಕೆಳಗಿನ ಕೋಣೆಗೆ ತಲುಪುತ್ತಿಲ್ಲ, ನಡುವೆ ತಂತಿ ಕಡಿದ ಹಾಗೆ, ಎಂದು ಅಲ್ಲಿನ ಡಾಕ್ಟರು ವಿವರಿಸಿದರು. ಎದೆ ಒಮ್ಮೊಮ್ಮೆ ಬಡಿಯುವುದನ್ನೇ ಮರೆಯುತ್ತದೆ, ಪೇಸ್‌ಮೇಕರ್ ಹಾಕಬೇಕು ಎಂದರು.

ಆ ಶಬ್ದವನ್ನು ನಾವು ಮೊದಲ ಸಲ ಕೇಳಿದ್ದು ಆವತ್ತು. ಬೂಟ್ ಪಾಲಿಶಿನ ಡಬ್ಬಿಯಷ್ಟು ದೊಡ್ಡದೊಂದು ವಸ್ತು. ಅದನ್ನು ಅತ್ತೆಯ ಎಡ ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಚರ್ಮದ ಒಳಗಿಟ್ಟು ಹೊಲಿದರು. ಅದರಿಂದ ಹೊರಟ ತಂತಿ ಹೃದಯಕ್ಕೆ ಹೋಗಿತ್ತು. ಮನೆಗೆ ಕಳಿಸುವ ದಿನ ಡಾಕ್ಟರು ಮರಾಠಿ ಬೆರೆತ ಹಿಂದಿಯಲ್ಲಿ ನಿಧಾನವಾಗಿ ಎಲ್ಲ ತಿಳಿಸಿ ಹೇಳಿದರು. ಒಳಗೆ ಬ್ಯಾಟರಿ ಉಂಟು, ಅದು ಸುಮಾರು ಎರಡು ವರ್ಷ ಬಂದೀತು, ಮುಗಿದ ಮೇಲೆ ಅದೇ ಜಾಗವನ್ನು ಮತ್ತೆ ತೆರೆದು ಹೊಸ ಡಬ್ಬಿ ಇಡಬೇಕು. ಇವರು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದರು. ಅತ್ತೆ ಸೆರಗನ್ನು ಹೊಟ್ಟೆಯ ಮೇಲೆ ಸರಿಮಾಡಿಕೊಂಡರು.

ಮನೆಗೆ ಬಂದ ಮೇಲೆ ತಲೆ ತಿರುಗುವುದು ನಿಂತಿತು. ಮುಖಕ್ಕೆ ಬಣ್ಣ ಬಂತು. ಆದರೆ ಚಪ್ಪಲಿಯ ಸದ್ದು ಮಾತ್ರ ಬರಲಿಲ್ಲ. ಗಾಯ ಮಾಯಲಿ ಎಂದು ನಾವು ಸುಮ್ಮನಿದ್ದೆವು. ಗಾಯ ಮಾಯಿತು, ಅತ್ತೆ ಏಳಲಿಲ್ಲ. ಗ್ಯಾಲರಿಯ ಬಾಗಿಲ ಬಳಿ ಒಂದು ಬೆತ್ತದ ಕುರ್ಚಿ ಹಾಕಿಸಿಕೊಂಡರು. ಬೆಳಿಗ್ಗೆ ಅಲ್ಲಿ ಕೂತರೆ ಬಿಸಿಲು ಗ್ಯಾಲರಿಯ ಕಟಕಟೆ ದಾಟಿ, ಅವರ ಪಾದ ದಾಟಿ, ಗೋಡೆ ಹತ್ತಿ ಹೋಗುವವರೆಗೂ ಅಲ್ಲೇ ಇರುವರು. ಹಾದುಹೋಗುವ ಲೋಕಲು ರೈಲುಗಳ ಸದ್ದು ದೂರದಿಂದ ಬರುವುದು, ಹೋಗುವುದು. ಮಾತೂ ಕಡಿಮೆಯಾಯಿತು. ನೀರು ಬೇಕಾದರೆ ಲೋಟದ ಕಡೆಗೆ ಬರೇ ಕಣ್ಣು ಹಾಯಿಸುವರು. ಡಾಕ್ಟರಿಗೆ ಹೇಳಿದರೆ ಅವರು ನಕ್ಕು, ನಡೆಯಬೇಕು ಮಾಂಜೀ, ಎಷ್ಟು ನಡೆದರೂ ಒಳ್ಳೆಯದೇ, ಅಂದರು. ಅತ್ತೆ ತಲೆಯಾಡಿಸಿದರು. ಮನೆಗೆ ಬಂದು ಮತ್ತೆ ಕುರ್ಚಿಯಲ್ಲಿ ಕೂತರು.

ಒಂದು ಮಧ್ಯಾಹ್ನ ನಾನು ಅವರ ತಲೆ ಬಾಚುತ್ತಿದ್ದೆ. ಕೂದಲಿನ ಸಿಕ್ಕು ಬಿಡಿಸುತ್ತ, "ಅತ್ತೆ, ನಾಳೆ ಸ್ವಲ್ಪ ಮಾರ್ಕೆಟ್ಟಿನವರೆಗೆ ಹೋಗಿ ಬರುವನಾ?" ಅಂತ ಕೇಳಿದೆ.

"ಬೇಡ ಮಗಾ."

"ಯಾಕೆ? ನೋವುಂಟಾ?"

ಯಾರಾದರೂ ಕೇಳಿಸಿಕೊಂಡಾರು ಅನ್ನುವ ಹಾಗೆ ಅತ್ತೆ ದನಿ ಇಳಿಸಿದರು. "ಟಾರ್ಚು ಉಂಟಲ್ಲ, ಅದನ್ನು ಸುಮ್ಮನೆ ಉರಿಸಿದರೆ ಸೆಲ್ಲು ಬೇಗ ಹೋಗ್ತದಾ ಇಲ್ವಾ? ಇದೂ ಅಷ್ಟೇ. ನಾನು ಒಂದು ಮೆಟ್ಟಿಲು ಹತ್ತಿದರೆ ಅದರಲ್ಲಿ ಇಷ್ಟು ಹೋಯ್ತು. ಮಾತಾಡಿದರೂ ಹೋಯ್ತು. ಮತ್ತೆ ಕೊಯ್ಯಿಸಿಕೊಳ್ಳಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ತಿ. ಹೀಗೆ ಕೂತರೆ ಅದು ನಾಲ್ಕು ವರ್ಷವಾದರೂ ಬಂದೀತು."

ನನ್ನ ಕೈಯಲ್ಲಿ ಬಾಚಣಿಗೆ ಹಾಗೇ ನಿಂತಿತು. ತಿಂಗಳುಗಟ್ಟಲೆ ಅವರು ಕುರ್ಚಿಯಲ್ಲಿ ಕೂತದ್ದು ಇದಕ್ಕೆ! ತಮ್ಮ ನಡಿಗೆಯನ್ನು ಅವರು ಕೂಡಿಡುತ್ತಿದ್ದರು. "ಹಾಗೆಲ್ಲ ಇಲ್ಲ ಅತ್ತೆ, ಡಾಕ್ಟರೇ ನಡೆಯಿರಿ ಅಂತ ಹೇಳಿದ್ದಾರಲ್ಲ" ಅಂದೆ.

"ಅವರಿಗೆ ಹೇಳಲಿಕ್ಕೆ ಎಂತ? ಸೆಲ್ಲು ಅವರ ಹೊಟ್ಟೆಯಲ್ಲಿ ಉಂಟಾ?" ಅಂದರು ಅತ್ತೆ. ಅಲ್ಲಿಗೆ ಆ ದಿನದ ಮಾತು ಮುಗಿಯಿತು.

ಇದನ್ನು ನಾನು ಕಾರ್ಖಾನೆಯಲ್ಲಿ ಹೇಳಿದ್ದು ಒಬ್ಬರಿಗೆ ಮಾತ್ರ. ಅಲ್ಲಿ ಗದಗದ ಕಡೆಯ ಒಬ್ಬ ಇಂಜಿನಿಯರ್ ಇದ್ದರು. ಇನ್ನೂ ಮದುವೆಯಾಗದವರು, ನಮ್ಮ ಹೋಟೆಲಿನಲ್ಲೇ ಊಟ. ಯಾವಾಗಲೂ ಬೇರೆಲ್ಲೋ ಇದ್ದವರ ಹಾಗೆ ಕಾಣುವ ಮನುಷ್ಯ. ಸಾರಿಗೆ ಉಪ್ಪಿಲ್ಲದಿದ್ದರೂ ಗೊತ್ತಾಗುತ್ತಿರಲಿಲ್ಲ ಅವರಿಗೆ. ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದರು. ಚಹಾದ ಹೊತ್ತಿಗೆ ನಾನು ಅತ್ತೆಯ ಟಾರ್ಚಿನ ಮಾತು ಹೇಳಿದಾಗ ಅವರು ನಗಲಿಲ್ಲ. ಲೋಟ ಕೆಳಗಿಟ್ಟರು.

"ಅಕ್ಕಾರ, ಅವ್ವಾರು ಉಲ್ಟಾ ತಿಳಕೊಂಡಾರ. ಆದ್ರ ಅವರು ಕೇಳೂ ಪ್ರಶ್ನೆ ಭಾಳ ದೊಡ್ಡದೈತ್ರಿ" ಅಂದರು. "ಹೊರದೇಶದಾಗ ಕೆಲವು ಮಂದಿ ಇದನ್ನ ವಿಚಾರ ಮಾಡಾಕತ್ತಾರ. ಲೈಬ್ರರಿಯಾಗ ಒಂದು ಪತ್ರಿಕಾದಾಗ ಓದೀನಿ. ಮನಷ್ಯಾ ಉಸಿರಾಡ್ತಾನ, ಎದಿ ಏಳತೈತಿ, ಇಳೀತೈತಿ. ಕೈಕಾಲು ಆಡತಾವ. ಆ ಅಲುಗಾಟದಿಂದನ ಕರೆಂಟ್ ತಗದು ಈ ಡಬ್ಬಿ ನಡಸಾಕ ಬರತೈತೇನು ಅಂತ. ಹಂಗಾದ್ರ ಬ್ಯಾಟರಿ ಬದಲಿ ಮಾಡೂದ ಬ್ಯಾಡ. ಮನಷ್ಯಾ ಇರೂತನ ಅದೂ ಇರತೈತಿ."

"ಆಗ್ತದಾ ಅದು?"

"ಇನ್ನೂ ಆಗಿಲ್ರಿ. ಆದ್ರ ಆಗೂದಿಲ್ಲ ಅಂತ ಯಾರೂ ಹೇಳಿಲ್ಲ."

ಆವತ್ತು ಸಂಜೆ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಒಂದೇ ಸ್ಟೇಷನ್ನಿನ ದಾರಿ. ಆದರೂ ಆ ಸ್ವಲ್ಪ ಹೊತ್ತಿನಲ್ಲೇ ನನಗೆ ಏನೇನೋ ಕಂಡಿತು. ಪ್ಲಾಟ್‌ಫಾರ್ಮಿನಲ್ಲಿ ಇಳಿದು ಹತ್ತುವ ಇಷ್ಟೊಂದು ಜನ, ಬೀಸುವ ಕೈ, ಮೆಟ್ಟಿಲೇರುವ ಕಾಲು. ಎಲ್ಲರ ಮೈಯಿಂದಲೂ ಸಪೂರ ತಾಮ್ರದ ಎಳೆಗಳು ಹೊರಟು ಸಂಜೆಯ ಬೆಳಕಿನಲ್ಲಿ ಹೊಳೆಯುತ್ತಿರುವ ಹಾಗೆ. ಗೋರೆಗಾಂವ್ ಬಂದದ್ದೇ ತಿಳಿಯದೆ ಮಲಾಡಿನಲ್ಲಿ ಇಳಿದು ವಾಪಸು ಬಂದೆ.

ಮುಂದಿನ ರಜೆಯ ದಿನ ಇಂಜಿನಿಯರ್ ಊಟ ಮುಗಿಸಿ ಮೇಲೆ ಬಂದರು. ಕೈಯಲ್ಲಿ ಸಣ್ಣ ಟ್ರಾನ್ಸಿಸ್ಟರ್. ಅತ್ತೆಯ ಕುರ್ಚಿಯ ಎದುರು ನೆಲದ ಮೇಲೆ ಕೂತು, ಯಾವ ಸ್ಟೇಷನ್ನೂ ಸಿಗದ ಕಡೆಗೆ ಮುಳ್ಳು ತಿರುಗಿಸಿ, ಅದನ್ನು ಅವರ ಪಕ್ಕೆಯ ಹತ್ತಿರ ಹಿಡಿಯಲು ನನಗೆ ಹೇಳಿದರು. ಮೊದಲು ಬರೇ ಗೊರಗೊರ. ಆಮೇಲೆ ಅದರೊಳಗಿಂದ ಟಿಕ್, ಟಿಕ್, ಟಿಕ್ ಎಂದು ಒಂದು ಸದ್ದು, ಒಂದೇ ಅಳತೆಯಲ್ಲಿ.

ಅತ್ತೆ ಕುರ್ಚಿಯ ಕೈ ಹಿಡಿದುಕೊಂಡರು. "ಎಂತ ಅದು?"

"ನಿಮ್ಮ ಡಬ್ಬಿ ಮಾತಾಡಾಕತ್ತೈತ್ರಿ ಅವ್ವಾರ. ಒಂದೊಂದು ಸಲ ಎದಿಗೆ ಬಡಿ ಅಂತ ಹೇಳಿದಾಗೂ ರೇಡಿಯೋಕ್ಕ ಕೇಳಸ್ತೈತಿ."

ಇವರೂ ಗಲ್ಲಾ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದರು. ಹೊರಗೆ ಬಟ್ಟೆ ಒಣಗುತ್ತಿತ್ತು, ಕೆಳಗೆ ಲೋಟಗಳ ಸದ್ದು. ಆ ಟಿಕ್ ಟಿಕ್ ಮಾತ್ರ ಕೋಣೆಯ ನಡುವೆ ಹನಿಯ ಹಾಗೆ ಬೀಳುತ್ತಿತ್ತು. ಇಂಜಿನಿಯರ್ ಅತ್ತೆಯನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಯಿಸಿದರು. ರೇಡಿಯೋ ಹಿಡಿದು ನಾನೂ ಜೊತೆಗೆ ನಡೆದೆ. ಸದ್ದು ಹೆಚ್ಚಾಗಲೂ ಇಲ್ಲ, ಕಡಿಮೆಯಾಗಲೂ ಇಲ್ಲ. "ನೋಡ್ರಿ, ಕುಂತರೂ ಅಷ್ಟ, ನಡದರೂ ಅಷ್ಟ. ನಿಮ್ಮದು ಅಂಥಾ ಡಬ್ಬಿ. ನಡದ್ರ ಹೆಚ್ಚು ಖರ್ಚಾಗೂದಿಲ್ಲ" ಅಂದರು.

ಅತ್ತೆ ಮತ್ತೆ ಕುರ್ಚಿಯಲ್ಲಿ ಕೂತು ಯೋಚಿಸಿದರು. "ಈಗ ಗೊತ್ತಾಗುದಿಲ್ಲ. ಆಮೇಲೆ ಒಮ್ಮೆಲೇ ಮುಗೀತದೆ" ಅಂದರು.

ಇಂಜಿನಿಯರ್ ಸೋತವರ ಹಾಗೆ ಕಾಣಲಿಲ್ಲ. ಹೋಗುವಾಗ ಮೆಟ್ಟಿಲ ಬಳಿ ನನ್ನನ್ನು ಕೇಳಿದರು, "ಅಕ್ಕಾರ, ಒಂದು ಕಾಯಿಲ್ ಸುತ್ತಿ ಕೊಡ್ತೀರೇನು?"

ಕೆಲಸದ ಹೊತ್ತು ಮುಗಿದ ಮೇಲೆ, ಮಾಲೀಕರನ್ನು ಕೇಳಿಕೊಂಡು, ನಾನು ಅದನ್ನು ಸುತ್ತಿದೆ. ಹಲ್ಲುಜ್ಜುವ ಬ್ರಷ್ಷಿಗೆ ಬರುವ ಪ್ಲಾಸ್ಟಿಕ್ ಕೊಳವೆಯನ್ನು ಕತ್ತರಿಸಿ, ಅದರ ನಡುವಿಗೆ ತಂತಿ. ಎಳೆಯ ಮೇಲೆ ಎಳೆ, ಸಾವಿರಾರು ಸುತ್ತು. ಬೆರಳಿಗೆ ಗೊತ್ತಿದ್ದ ಕೆಲಸವೇ. ಆದರೆ ಅತ್ತೆಗೆ ಎಂದು ಸುತ್ತುವಾಗ ತಂತಿ ಕಡಿಯದಿರಲಿ ಎಂದು ಉಸಿರು ಬಿಗಿಹಿಡಿಯುತ್ತಿದ್ದೆ. ಕಿಟಕಿಯಿಂದ ಇಳಿಬಿಸಿಲು ಬಂದು ಬಾಬಿನ್ನು ಕೆಂಪಗೆ ಹೊಳೆಯುತ್ತಿತ್ತು. ಇಂಜಿನಿಯರ್ ಲ್ಯಾಮಿಂಗ್ಟನ್ ರಸ್ತೆಯ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಗಿಡ್ಡ ಕಡ್ಡಿಯಂಥ ಅಯಸ್ಕಾಂತ ತಂದರು. ಅದು ಕೊಳವೆಯೊಳಗೆ ಆಚೆಈಚೆ ಜಾರಬೇಕು. ಎರಡು ತುದಿಗೂ ಬಾಲ್‌ಪೆನ್ನಿನ ಸ್ಪ್ರಿಂಗು ಇಟ್ಟು ಮುಚ್ಚಿದರು. ಅಯಸ್ಕಾಂತ ತಂತಿಯ ಸುರುಳಿಯನ್ನು ದಾಟಿದಾಗಲೆಲ್ಲ ತಂತಿಯಲ್ಲಿ ಚೂರು ಕರೆಂಟು ಹುಟ್ಟಬೇಕು, ಒಂದು ಮೀಟರಿನ ಮುಳ್ಳು ಅದನ್ನು ತೋರಿಸಬೇಕು. ಅಷ್ಟೇ ಯಂತ್ರ.

ಅದನ್ನು ತಂದ ದಿನ ಇಂಜಿನಿಯರ್ ಮೊದಲು ಹೇಳಿದ್ದೇ ಎಚ್ಚರಿಕೆ. ಅಯಸ್ಕಾಂತ ಡಬ್ಬಿಯ ಹತ್ತಿರ ಹೋಗಕೂಡದು, ಅದಕ್ಕೇ ಪಾದದ ಗಂಟಿಗೆ ಕಟ್ಟುವುದು, ಕಟ್ಟುವಾಗಲೂ ಬಿಚ್ಚುವಾಗಲೂ ಅತ್ತೆ ಬಗ್ಗಬಾರದು, ನಾನೇ ಮಾಡಬೇಕು. ಹಳೆಯ ಸೀರೆಯ ಅಂಚನ್ನು ಹರಿದು, ಅದರಿಂದ ನಾನು ಅತ್ತೆಯ ಕಾಲಿಗೆ ಆ ಕೊಳವೆ ಕಟ್ಟಿದೆ.

"ಗೆಜ್ಜೆ ಕಟ್ಟುವ ವಯಸ್ಸಾ ಇದು?" ಎಂದು ಅತ್ತೆ ಕಾಲು ಹಿಂದೆಳೆದರು. ಆದರೆ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಒಂದು ನಗುವಿನ ಸುಳಿವು.

ಕಾಲಿನಿಂದ ಉದ್ದನೆಯ ತಂತಿ ಬಂದು ಮೀಟರಿಗೆ ಸೇರಿತ್ತು. ಅದನ್ನು ನಾನು ಹಿಡಿದುಕೊಂಡೆ. ಅತ್ತೆ ಗ್ಯಾಲರಿಯಲ್ಲಿ ಒಂದು ಹೆಜ್ಜೆ ಇಟ್ಟರು. ಮುಳ್ಳು ನಡುಗಿತು. ಎರಡನೆಯ ಹೆಜ್ಜೆಗೆ ಬಾಲ ಅಲ್ಲಾಡಿಸುವ ಹಾಗೆ ಆ ಕಡೆ ಈ ಕಡೆ ಹೋಯಿತು. "ಬಂತು ಅತ್ತೆ, ಬಂತು!" ಎಂದು ನಾನು ಕೂಗಿಬಿಟ್ಟೆ. ಪಕ್ಕದ ಮನೆಯ ಮರಾಠಿ ಹೆಂಗಸು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಅತ್ತೆ ನಿಂತು ತಿರುಗಿ ನೋಡಿದರು. ನಿಂತ ಕೂಡಲೇ ಮುಳ್ಳು ಸೊನ್ನೆಗೆ ಬಂದು ಮಲಗಿತು.

"ನಿಂತರೆ ಇಲ್ಲವಾ?"

"ನಿಂತ್ರ ಇಲ್ರಿ. ನಡದ್ರ ಐತಿ" ಅಂದರು ಇಂಜಿನಿಯರ್.

ಅತ್ತೆ ಮತ್ತೆ ನಡೆದರು. ಗ್ಯಾಲರಿಯ ಆ ತುದಿಯವರೆಗೆ ಹೋದರು, ತಿರುಗಿದರು, ಬಂದರು. ಸೀರೆಯ ಸೆರಗು ಹಿಡಿದ ಸಖಿಯ ಹಾಗೆ ನಾನು ಮೀಟರು ಹಿಡಿದು ಹಿಂದೆ ಹಿಂದೆ. ಒಣಹಾಕಿದ ಸೀರೆಗಳ ಕೆಳಗೆ ನುಸುಳುವಾಗ ಬಿಸಿಲು ಹಸಿರಾಗುವುದು, ಹಳದಿಯಾಗುವುದು. ಇಬ್ಬರೂ ನೀರಿನೊಳಗೆ ನಡೆಯುತ್ತಿದ್ದೇವೇನೋ ಅನ್ನಿಸುತ್ತಿತ್ತು. ಎಷ್ಟು ಸಲ ಹೋಗಿ ಬಂದೆವೋ ತಿಳಿಯದು. ಕೊನೆಗೆ ಇಂಜಿನಿಯರ್ ಗಂಭೀರವಾಗಿ ಹೇಳಿದರು, "ಅವ್ವಾರ, ಇದು ನಿಮ್ಮ ಡಬ್ಬಿಗೆ ಹೋಗಂಗಿಲ್ರಿ. ಸುಳ್ಳು ಹೇಳೂದಿಲ್ಲ. ಇದು ಬರೇ ತೋರಿಸಾಕ."

"ಅಷ್ಟೂ ಗೊತ್ತಾಗುದಿಲ್ವಾ ನನಗೆ?" ಅಂದರು ಅತ್ತೆ, ಕುರ್ಚಿಗೆ ಒರಗಿ ಬೆವರು ಒರೆಸುತ್ತ. "ನಡೆದದ್ದಕ್ಕೆ ಹೋಗಲಿಲ್ಲ, ಬಂತು. ನನ್ನ ಕಾಲಿಂದಲೇ ಬಂತು. ಕಣ್ಣಾರೆ ನೋಡಿದೆನಲ್ಲ. ಅಷ್ಟು ಸಾಕು."

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಬೆತ್ತದ ಕುರ್ಚಿ ಖಾಲಿಯಿತ್ತು. ಕೆಳಗೆ ಹೋಟೆಲಿನಿಂದ ಅವರ ದನಿ ಕೇಳಿಸಿತು, ಯಾರಿಗೋ ಹುಳಿ ಹೆಚ್ಚಾಯಿತು ಅನ್ನುತ್ತಿದ್ದರು. ಇವರು ಹಲ್ಲುಜ್ಜುತ್ತ ನಿಂತವರು ನನ್ನ ಕಡೆ ನೋಡಿದರು. ಕಣ್ಣು ತುಂಬಿತ್ತು. ಬಾಯಿತುಂಬ ನೊರೆಯಿದ್ದದ್ದರಿಂದ ಏನೂ ಹೇಳಲಾಗಲಿಲ್ಲ.

ಅಲ್ಲಿಂದ ಮುಂದಿನ ತಿಂಗಳುಗಳು ನನ್ನ ನೆನಪಿನಲ್ಲಿ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ಉಳಿದಿವೆ. ಆಗ ನಾನು ಬಸುರಿ. ಕೆಲಸ ಬಿಟ್ಟು ಮನೆಯಲ್ಲಿದ್ದೆ. ಊಟವಾದ ಮೇಲೆ ಅತ್ತೆ ಕಾಲು ಚಾಚಿ, "ಕಟ್ಟು" ಎನ್ನುವರು. ಗ್ಯಾಲರಿಯಲ್ಲಿ ಒಂದಷ್ಟು ನಡಿಗೆ. ಯಾವ ಕೆಲಸಕ್ಕೆ ಮುಳ್ಳು ಎಷ್ಟು ಏಳುತ್ತದೆ ಎಂದು ನೋಡುವುದು ಅವರಿಗೊಂದು ಆಟವಾಯಿತು. ಮೆಟ್ಟಿಲು ಇಳಿಯುವಾಗ ಚೆನ್ನಾಗಿ ಏಳುವುದು, ಹತ್ತುವಾಗ ಸ್ವಲ್ಪ ಕಡಿಮೆ. ಕೂತು ಕಾಲು ಅಲ್ಲಾಡಿಸಿದರೂ ಏಳುವುದು. "ಚಿಕ್ಕವಳಿರುವಾಗ ಕಾಲು ಅಲ್ಲಾಡಿಸಿದರೆ ಅಮ್ಮ ಬೈಯುತ್ತಿದ್ದರು" ಎಂದು ನಗುವರು.

ಒಂದು ದಿನ ನಾನು ಗೋಡೆಗೊರಗಿ ಕೂತಿದ್ದೆ. ಒಳಗೆ ಮಗು ಹೊರಳಿತು. ನನ್ನ ಮುಖ ನೋಡಿ ಅತ್ತೆಗೆ ಗೊತ್ತಾಯಿತು. "ಅದಕ್ಕೂ ಕಟ್ಟಿ ನೋಡುವ" ಅಂದರು. ಅವರನ್ನು ಕೋಣೆಯ ಆ ಬದಿಗೆ ಕೂರಿಸಿ, ನಾನು ಕೊಳವೆಯನ್ನು ನನ್ನ ಹೊಟ್ಟೆಯ ಮೇಲೆ ಮೆತ್ತಗೆ ಇಟ್ಟುಕೊಂಡೆ. ಮುಳ್ಳು ಸುಮ್ಮನಿತ್ತು. ಹೊರಗೆ ಕಾಗೆಯೊಂದು ಕಟಕಟೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು. ಕಾದೆವು. ಕಾಯುತ್ತ ಕಾಯುತ್ತ ನನಗೆ ತೂಕಡಿಕೆ ಬಂದಿತ್ತೇನೋ. "ಅಲ್ಲಾಡಿತು!" ಎಂದು ಅತ್ತೆ ಹೇಳಿದ್ದು ತುಂಬ ದೂರದಿಂದ ಕೇಳಿಸಿತು. ಕಣ್ಣು ತೆರೆದಾಗ ಮುಳ್ಳು ಸಣ್ಣಗೆ ನಡುಗುತ್ತಿತ್ತು. ಅದು ಮಗುವಿನ ಕಾಲೋ ನನ್ನ ಉಸಿರೋ, ನಾನು ಹೇಳಲಾರೆ. ಅತ್ತೆಗೆ ಮಾತ್ರ ಸಂಶಯವಿರಲಿಲ್ಲ. "ನಿನ್ನ ಮಗು ಈಗಲೇ ಬಲ್ಬು ಹಚ್ಚುತ್ತದೆ ಮಾರಾಯ್ತಿ" ಅಂದರು.

ಹುಟ್ಟಿದ್ದು ಹೆಣ್ಣು. ಬಾಣಂತನಕ್ಕೆ ನಾನು ಮುಲುಂಡಿನ ತವರಿಗೆ ಹೋದೆ. ಅತ್ತೆ ಎರಡೆರಡು ಲೋಕಲು ಬದಲಿಸಿ ಮೊಮ್ಮಗಳನ್ನು ನೋಡಲು ಬರುತ್ತಿದ್ದರು. ದಾದರಿನ ಸೇತುವೆ ಹತ್ತಿಳಿದು ಬಂದ ಆಯಾಸವೇ ಇಲ್ಲದ ಹಾಗೆ ಬಾಗಿಲಲ್ಲಿ ನಿಲ್ಲುತ್ತಿದ್ದರು.

ನಾನು ವಾಪಸು ಬಂದ ಮೇಲೆ, ಆಸ್ಪತ್ರೆಯಲ್ಲಿ ತೋರಿಸಿಕೊಳ್ಳುವ ದಿನ ಇಂಜಿನಿಯರ್ ತಾವೂ ಬರುತ್ತೇನೆಂದರು. ನಮ್ಮಲ್ಲಿದ್ದ ಕೊಳವೆಯನ್ನೂ ಮೀಟರನ್ನೂ ಕರವಸ್ತ್ರದಲ್ಲಿ ಸುತ್ತಿ ಹಿಡಿದುಕೊಂಡಿದ್ದರು. ಡಾಕ್ಟರು ನಗಾಡಿಬಿಟ್ಟರೆ ಎಂದು ನನಗೆ ಅಳುಕು. ಅವರು ನಗಲಿಲ್ಲ. ಅಯಸ್ಕಾಂತವನ್ನು ದೂರದ ಮೇಜಿಗೆ ಇಡಿಸಿ, ಅತ್ತೆಯ ಡಬ್ಬಿ ಸರಿಯಿದೆಯೇ ಎಂದು ಮೊದಲು ನೋಡಿಕೊಂಡರು. ಆಮೇಲೆ ಕೊಳವೆಯನ್ನು ತಮ್ಮ ಕಾಲಿಗೇ ಕಟ್ಟಿಸಿಕೊಂಡು ಕೋಣೆಯಲ್ಲಿ ಅಡ್ಡಾಡಿದರು. ಬಿಳಿ ಕೋಟಿನ ಆ ದೊಡ್ಡ ಮನುಷ್ಯ ಮೀಟರಿನ ಕಡೆ ಕಣ್ಣಿಟ್ಟು, ನೆಲ ಬಿಸಿಯಾಗಿರುವ ಹಾಗೆ ಕಾಲೆತ್ತಿ ಕಾಲೆತ್ತಿ ಇಡುವುದನ್ನು ನೋಡಿ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಆಮೇಲೆ ಅವರು ಕೂತು ಸಾವಧಾನವಾಗಿ ಮಾತಾಡಿದರು. ಇದು ಒಳ್ಳೆಯ ಯೋಚನೆ, ಆದರೆ ಮೈಯೊಳಗೆ ಎಲ್ಲ ಒದ್ದೆ, ಉಪ್ಪು. ಜಾರುವ ಭಾಗ ಅಲ್ಲಿ ಎಷ್ಟು ಕಾಲ ಜಾರೀತು? ಇನ್ನೊಂದು ತೊಡಕು, ಮನುಷ್ಯ ಮಲಗುತ್ತಾನೆ. ಮಲಗಿದಾಗ ಕಾಲು ನಡೆಯುವುದಿಲ್ಲ. ಆಗಲೂ ಬಿಡದೆ ನಡೆಯುವುದು ಉಸಿರು ಮತ್ತು ಹೃದಯ. ಕರೆಂಟು ತೆಗೆದರೆ ಅಲ್ಲಿಂದಲೇ ತೆಗೆಯಬೇಕು, ಅದೂ ಅವಕ್ಕೆ ಭಾರವಾಗದ ಹಾಗೆ. ಒಂದು ದಿನ ಮಾಡಿಯಾರು, ನಮ್ಮ ಕಾಲದಲ್ಲೋ ಮಕ್ಕಳ ಕಾಲದಲ್ಲೋ ಗೊತ್ತಿಲ್ಲ ಅಂದರು.

ಜೊತೆಗೆ ಬಂದಿದ್ದ ಇವರು ಅದನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಹೇಳಿದರು. ಅತ್ತೆ ಗಮನವಿಟ್ಟು ಕೇಳಿದರು. "ಅಂದರೆ ಹೃದಯ ದುಡಿದು, ಅದೇ ದುಡಿಮೆಯಲ್ಲಿ ತನ್ನ ಊಟವನ್ನೂ ಬೇಯಿಸಿಕೊಳ್ಳಬೇಕು ಅಂತಾಯ್ತು. ನಮ್ಮ ಹೋಟೆಲಿನವರ ಹಾಗೆ" ಅಂದರು. ಅದನ್ನು ಇವರು ಹಿಂದಿಗೆ ತಿರುಗಿಸಿದಾಗ ಡಾಕ್ಟರು ಜೋರಾಗಿ ನಕ್ಕರು. ಇಂಜಿನಿಯರ್ ಮಾತ್ರ ನಗಲಿಲ್ಲ, ಕರವಸ್ತ್ರದ ಗಂಟನ್ನೇ ನೋಡುತ್ತಿದ್ದರು. ಹಿಂದಿರುಗುವಾಗ ಚರ್ಚ್‌ಗೇಟಿನಿಂದ ಗೋರೆಗಾಂವ್‌ವರೆಗೂ ಅವರು ಮಾತಾಡಲಿಲ್ಲ. ಇಳಿಯುವಾಗ, "ಎದಿ ಮಲಗೂದಿಲ್ಲ ನೋಡ್ರಿ ಅಕ್ಕಾರ" ಅಂತ ಮಾತ್ರ ಅಂದರು, ಎಲ್ಲಿಂದಲೋ ಎದ್ದು ಬಂದವರ ಹಾಗೆ.

ಡಬ್ಬಿ ದಣಿಯುತ್ತಿರುವುದನ್ನು ಮೊದಲು ಕಂಡುಹಿಡಿದವರೂ ಅತ್ತೆಯೇ. ಬ್ಯಾಟರಿ ಇಳಿಯುತ್ತ ಬಂದ ಹಾಗೆ ಟಿಕ್ ಟಿಕ್ ನಿಧಾನವಾಗುತ್ತದೆ, ಆಗ ತಡಮಾಡದೆ ಬನ್ನಿ ಎಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆ ರೇಡಿಯೋದ ಭಜನೆಯ ಕಾರ್ಯಕ್ರಮ ಮುಗಿದ ಮೇಲೆ ಅತ್ತೆ, ಇಂಜಿನಿಯರ್ ನಮ್ಮಲ್ಲೇ ಬಿಟ್ಟುಹೋದ ಟ್ರಾನ್ಸಿಸ್ಟರಿನ ಮುಳ್ಳನ್ನು ಖಾಲಿ ಜಾಗಕ್ಕೆ ತಿರುಗಿಸಿ, ಪಕ್ಕೆಗೆ ಹಿಡಿದು, ಕಣ್ಣು ಮುಚ್ಚಿ ಕೇಳುವುದು ರೂಢಿಯಾಗಿತ್ತು. ಒಂದು ಚಳಿಗಾಲದ ಬೆಳಿಗ್ಗೆ ಅವರು ನನ್ನನ್ನು ಕರೆದರು. ಮಗು ನನ್ನ ತೊಡೆಯ ಮೇಲಿತ್ತು.

"ಕೇಳು. ಇದರ ನಡಿಗೆ ಸ್ವಲ್ಪ ಸಡಿಲಾಗಿದೆ."

ನನಗೆ ಮೊದಲು ಗೊತ್ತಾಗಲಿಲ್ಲ. ಗಡಿಯಾರ ಇಟ್ಟುಕೊಂಡು ಎಣಿಸಿದಾಗ ಹೌದೆನಿಸಿತು. ಎರಡು ಹನಿಗಳ ನಡುವೆ ಮೊದಲಿಗಿಂತ ಚೂರು ಹೆಚ್ಚು ಮೌನ. ಕೊಯ್ಯಿಸಿಕೊಳ್ಳಲಿಕ್ಕೆ ಆಗುದಿಲ್ಲ ಅಂದಿದ್ದವರು ಈಗ ಏನು ಹೇಳುತ್ತಾರೋ ಎಂದು ಅವರ ಮುಖ ನೋಡಿದೆ.

ಅತ್ತೆ ಎದ್ದು ಕಪಾಟಿನಿಂದ ಒಗೆದ ಸೀರೆ ತೆಗೆದರು. "ಅವನನ್ನು ಕರಿ. ಗಲ್ಲಾದಲ್ಲಿ ಬೇರೆ ಯಾರಾದರೂ ಕೂರಲಿ" ಅಂದರು.

"ಹೆದರಿಕೆ ಆಗುದಿಲ್ವಾ ಅತ್ತೆ?"

"ಆಗ್ತದೆ ಮಗಾ, ಆಗದೆ ಎಂತ? ಆದರೆ ಕೂತು ಹೆದರಿದ್ದು ಸಾಕಾಯ್ತು. ಹೆದರಿಕೊಂಡೇ ನಡೆದು ಹೋಗುವ."

ಇವರು ಟ್ಯಾಕ್ಸಿ ತರುತ್ತೇನೆಂದರೂ ಕೇಳಲಿಲ್ಲ. ಸ್ಟೇಷನ್ನಿನವರೆಗೆ ನಡೆದೇ ಹೋದರು. ನಾನು ಮಗುವನ್ನು ಎತ್ತಿಕೊಂಡು ಗ್ಯಾಲರಿಯಲ್ಲಿ ನಿಂತು ನೋಡಿದೆ. ಎಳೆಬಿಸಿಲಿನಲ್ಲಿ ಅಡುಗೆಮನೆಗಳ ಹೊಗೆ ತೆಳುವಾಗಿ ಹರಡಿತ್ತು. ಅದರೊಳಗೆ ಅವರ ಬಿಳಿ ತುರುಬು ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಕಾಣಲಿಲ್ಲ. ಹಿಂದಿರುಗಿ ಬರುತ್ತಾರೆಂದು ನನಗೆ ಯಾಕೋ ಖಚಿತವಿತ್ತು. ಆದರೂ ಅವರು ಬರುವವರೆಗೆ ದಿನಕ್ಕೆ ನಾಲ್ಕು ಸಲ ಗ್ಯಾಲರಿಗೆ ಹೋಗಿ ರಸ್ತೆ ನೋಡುತ್ತಿದ್ದೆ.

ಎರಡನೆಯ ಸಲದ್ದು ಸುಲಭವಾಯಿತು. ಹೃದಯಕ್ಕೆ ಹೋದ ತಂತಿ ಹಾಗೇ ಇತ್ತು, ಡಬ್ಬಿ ಮಾತ್ರ ಬದಲಾಯಿತು. ಅತ್ತೆ ಆಮೇಲೆಯೂ ಬಹಳ ವರ್ಷ ಬದುಕಿದರು. ಆ ದಶಕದ ಕೊನೆಯ ಹೊತ್ತಿಗೆ ಹೆಚ್ಚು ಬಾಳುವ ಹೊಸ ಬ್ಯಾಟರಿಗಳು ಬಂದವು. ಮೂರನೆಯದು ಎಷ್ಟು ಕಾಲ ಬಂತೆಂದರೆ, ಅದು ಒಳಗಿದೆ ಎಂಬುದನ್ನೇ ನಾವು ಮರೆತೆವು. ಇಂಜಿನಿಯರ್ ಮದುವೆಯಾಗಿ ಪುಣೆಗೆ ಹೋದರು. ಬಂದಾಗಲೆಲ್ಲ ಹೊಸದೊಂದು ಯೋಚನೆ ತರುತ್ತಿದ್ದರು. ಪಕ್ಕೆಲುಬಿನ ನಡುವೆ ಇಡುವ ಹರಳಿನ ತುಂಡು, ಒತ್ತಿದರೆ ಕರೆಂಟು ಕೊಡುವಂಥದ್ದು. ಊಟದ ಮೇಜಿನ ಮೇಲೆ ಬೆರಳಿನಿಂದ ನೀರಿನ ಗೆರೆ ಎಳೆದು ನನಗೆ ವಿವರಿಸುವರು. ಗೆರೆ ಆರಿಹೋಗುವುದು, ಅವರು ಮತ್ತೆ ಎಳೆಯುವರು.

ಎರಡನೆಯ ಡಬ್ಬಿ ಹಾಕಿಸಿಕೊಂಡು ಬಂದ ವರ್ಷ, ಮಳೆ ಕಳೆದ ಮೇಲೆ, ಅತ್ತೆ ಒಂದು ಆಸೆ ಹೇಳಿದರು. ಅಷ್ಟು ವರ್ಷ ಮುಂಬಯಿಯಲ್ಲಿದ್ದರೂ ಹೋಟೆಲಿನ ಗಡಿಬಿಡಿಯಲ್ಲಿ ಅವರು ಇಲ್ಲಿನ ಸಮುದ್ರವನ್ನು ಸರಿಯಾಗಿ ನೋಡಿರಲಿಲ್ಲ. ಬಸ್ಸು ಹಿಡಿದು ಜುಹುವಿಗೆ ಹೋದೆವು. ಇಳಿಹೊತ್ತು. ನೀರು ತುಂಬ ಹಿಂದೆ ಸರಿದು ಒದ್ದೆ ಮರಳೆಲ್ಲ ಕನ್ನಡಿಯಾಗಿತ್ತು, ಆಕಾಶದ ಕೆಂಪು ಕೆಳಗೂ ಇತ್ತು, ಮೇಲೂ ಇತ್ತು. ಇವರು ಮಗಳಿಗೆ ಕಡಲೆಕಾಯಿ ಕೊಡಿಸಲು ನಿಂತರು. ಅತ್ತೆ ಚಪ್ಪಲಿ ಬಿಟ್ಟು, ಸೀರೆ ಸ್ವಲ್ಪ ಎತ್ತಿ ಹಿಡಿದು, ಯಾರಿಗೂ ಹೇಳದೆ ನೀರಿನ ಕಡೆ ಹೊರಟರು.

"ಅತ್ತೆ, ನಿಲ್ಲಿ, ನಾನೂ ಬಂದೆ" ಎಂದು ಕೂಗಿದೆ.

ಗಾಳಿಗೆ ಕೇಳಿಸಿತೋ ಇಲ್ಲವೋ, ಅವರು ನಿಲ್ಲಲಿಲ್ಲ. ನಾನು ಅವರ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಹಿಂದೆಯೇ ಓಡಿದೆ.